ಅರೋರಾ ಕಿಟ್: ಹಸಿರು ಬರಲ್ಲ, ಆದರೂ ದುಡ್ಡಿಗೆ ಮೋಸ ಇಲ್ಲ

ನಮ್ಮ ಡಿಗ್ರಿ ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ಒಂದು ಟೆರೆಲ್ಲಾ ಸೆಟ್ ತರಿಸಿದೆವು, ಅಂದರೆ ಧ್ರುವಗಳ ಕಡೆ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕನ್ನು (ಅರೋರಾ) ಜಾರಿನೊಳಗೆ ಮಾಡಿ ತೋರಿಸೋ ಪುಟ್ಟ ಭೂಮಿ. ಗಾಜಿನ ಬೆಲ್ ಜಾರ್, ಒಳಗೆ ಮ್ಯಾಗ್ನೆಟ್ ಇಟ್ಟ ಅಲ್ಯೂಮಿನಿಯಂ ಗುಂಡು, ಒಂದು ಹೈ ವೋಲ್ಟೇಜ್ ಡಿಸಿ ಸಪ್ಲೈ. ಅಷ್ಟೇ. ವ್ಯಾಕ್ಯೂಮ್ ಪಂಪ್ ಬೇರೆ ಕೊಳ್ಳಬೇಕು, ಇದನ್ನು ಬ್ರೋಷರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ನಮ್ಮಲ್ಲಿ ಹಳೇ ರೋಟರಿ ಪಂಪ್ ಇತ್ತು, ಬಚಾವಾದೆವು.

ಐಡಿಯಾ ಹಳೇದು. ನಾರ್ವೆಯ ಕ್ರಿಸ್ಟಿಯನ್ ಬಿರ್ಕೆಲ್ಯಾಂಡ್ ನೂರು ವರ್ಷಕ್ಕೂ ಹಿಂದೆಯೇ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಭೂಮಿ ಕೂರಿಸಿ ಇದನ್ನು ಮಾಡಿ ತೋರಿಸಿದ್ದರು.

ಮೊದಲ ದಿನ ಏನೂ ಬರಲಿಲ್ಲ. ಗ್ಯಾಸ್ಕೆಟ್ ಲೀಕು. ಮೂರು ವಾರ ಫೋನ್ ಮಾಡಿ ಮಾಡಿ ಸಾಕಾದ ಮೇಲೆ ಹೊಸದು ಬಂತು. ಆಮೇಲೆ ಕಿಟಕಿಗೆ ಪರದೆ ಎಳೆದು ಪಂಪ್ ಹಾಕಿದರೆ, ಮೊದಲು ಜಾರ್ ತುಂಬಾ ಗುಲಾಬಿ ಮಂಜಿನ ಥರ ಬೆಳಕು, ಒತ್ತಡ ಇಳಿದ ಹಾಗೆ ಅದು ನಿಧಾನಕ್ಕೆ ಒಳಗೆ ಸರಿದು ಗುಂಡಿನ ಎರಡೂ ಧ್ರುವಗಳ ಸುತ್ತ ಉಂಗುರ ಕಟ್ಟಿ ನಿಂತಿತು. ಕ್ಲಾಸಲ್ಲಿ ಯಾವತ್ತೂ ಬಾಯಿ ಮುಚ್ಚದ ಹುಡುಗರು ತೆಪ್ಪಗಾದರು! ವೈರ್ ಅದಲು ಬದಲು ಮಾಡಿ ಗುಂಡನ್ನು ನೆಗೆಟಿವ್ ಮಾಡಿದರೆ ಬೆಳಕು ಧ್ರುವ ಬಿಟ್ಟು ಸೊಂಟದ ಸುತ್ತ ಡಾಬಿನ ಥರ ಬರುತ್ತದೆ, ಅದನ್ನೂ ತಪ್ಪದೆ ತೋರಿಸಿ.

"ಸಾರ್, ಬ್ರೋಷರಲ್ಲಿ ಹಸಿರು ಇತ್ತಲ್ವಾ?" ಅಂತ ಒಬ್ಬಳು ಕೇಳಿದಳು. ಇತ್ತು. ಸುಳ್ಳು ಫೋಟೋ. ಜಾರಲ್ಲಿ ಕಾಣೋದು ನೈಟ್ರೋಜನ್ನಿನ ಗುಲಾಬಿ, ನೇರಳೆ ಮಾತ್ರ. ಆಕಾಶದ ಹಸಿರು ಆಕ್ಸಿಜನ್ ಪರಮಾಣುವಿನದು, ತರಂಗಾಂತರ 557.7 ನ್ಯಾನೋಮೀಟರ್. ಶಕ್ತಿ ಸಿಕ್ಕ ಪರಮಾಣು ಆ ಹಸಿರು ಬೆಳಕು ಬಿಡೋಕೆ ಸುಮಾರು ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ, 630ರ ಕೆಂಪಿಗಂತೂ ಹತ್ತಿರ ಹತ್ತಿರ ಎರಡು ನಿಮಿಷ. ನಮ್ಮ ಪಂಪ್ ಎಷ್ಟೇ ಗಾಳಿ ಎಳೆದರೂ ಜಾರಲ್ಲಿ ಉಳಿದಿರೋ ಗಾಳಿಯೇ ಇದಕ್ಕೆ ಜಾಸ್ತಿ, ಅಷ್ಟು ಹೊತ್ತು ಕಾಯೋ ಮೊದಲೇ ಇನ್ನೊಂದು ಕಣ ಬಂದು ಗುದ್ದಿ ಶಕ್ತಿ ಕಿತ್ತುಕೊಂಡು ಹೋಗುತ್ತದೆ. ನೂರಾರು ಕಿಲೋಮೀಟರ್ ಮೇಲೆ ಗುದ್ದೋಕೆ ಯಾರೂ ಇಲ್ಲ. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳಿಗೆ ಕೆಂಪು ಅರೋರಾ ಸಿಕ್ಕಿತ್ತಲ್ಲ, ಆ ಫೋಟೋವನ್ನು ಪಕ್ಕದಲ್ಲಿಟ್ಟು ಹೇಳಿದೆ, ತಟ್ಟನೆ ಅರ್ಥವಾಯ್ತು. ನಿಜ ಹೇಳಬೇಕೆಂದರೆ ಹಸಿರು ಬಂದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಒಂದೇ ಸಮ ಉರಿಸಬೇಡಿ. ಗುಂಡು ಬಿಸಿಯಾಗುತ್ತದೆ, ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಮ್ಯಾನುಯಲ್ಲಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಸಪ್ಲೈ ಆಫ್ ಮಾಡದೆ ವೈರ್ ಮುಟ್ಟಲು ಹುಡುಗರನ್ನು ಬಿಡಬೇಡಿ. ಮತ್ತೆ ಆರ್ಡರ್ ಮಾಡುವಾಗಲೇ ಎರಡು ಗ್ಯಾಸ್ಕೆಟ್ ಜಾಸ್ತಿ ಕೇಳಿ ಇಟ್ಟುಕೊಳ್ಳಿ.