ಮನೆಗೇ ಬಂದು ಮಾನಿಟರ್ ಕ್ಯಾಲಿಬ್ರೇಷನ್ ಮಾಡ್ತೀವಿ ಅನ್ನೋರ ಹತ್ರ ಹುಷಾರ್!

ಮದುವೆ ಫೋಟೋ ಎಡಿಟ್ ಮಾಡೋರು, ಆಲ್ಬಂ ಡಿಸೈನ್ ಮಾಡೋರು ದಯವಿಟ್ಟು ಓದಿ. ಬೆಂಗಳೂರಲ್ಲಿ ಒಬ್ಬ ಮಾನಿಟರ್ ಕ್ಯಾಲಿಬ್ರೇಟ್ ಮಾಡ್ಕೊಡ್ತೀನಿ (ಅಂದ್ರೆ ಸ್ಕ್ರೀನ್ ಬಣ್ಣ, ಬೆಳಕು ಅಳೆದು ಸರಿ ಮಾಡೋದು) ಅಂತ 3,500 ರೂಪಾಯಿ ಇಸ್ಕೊಂಡು ನಂಗೆ ಟೋಪಿ ಹಾಕಿ ಹೋಗಿದ್ದಾನೆ. ಹೊಟ್ಟೆ ಉರೀತಿದೆ.

ಬಂದವನೇ ಮಾನಿಟರ್ ಆನ್ ಮಾಡಿಸ್ದ, ತಕ್ಷಣ ಶುರು. ಅರ್ಧ ಗಂಟೆ ಆದ್ರೂ ಪ್ಯಾನೆಲ್ ಬಿಸಿ ಆಗ್ಬೇಕಲ್ವಾ ಅಂದ್ರೆ "ಅದೆಲ್ಲಾ ಹಳೇ ಮಾನಿಟರ್‌ಗೆ ಸರ್" ಅಂದ. ಬಣ್ಣ ಅಳೆಯೋ ಡಿವೈಸ್, ಕಲರಿಮೀಟರ್, ಸ್ಕ್ರೀನ್ ಮೇಲೆ ನೇತು ಹಾಕ್ದ, ಕೆಂಪು ಹಸಿರು ನೀಲಿ ಬಂದು ಹೋದವು, ನಾನು ಒಳಗಿಂದ ಕಾಫಿ ತರೋಷ್ಟರಲ್ಲಿ "ಆಯ್ತು ಸರ್, ಪಕ್ಕಾ ಎಸ್‌ಆರ್‌ಜಿಬಿ (ಸ್ಕ್ರೀನ್ ಬಣ್ಣಗಳ ಸ್ಟ್ಯಾಂಡರ್ಡ್), ಇನ್ಮೇಲೆ ಬ್ರೈಟ್‌ನೆಸ್ ಮುಟ್ಬೇಡಿ, ಕ್ಯಾಲಿಬ್ರೇಷನ್ ಹೋಗುತ್ತೆ" ಅಂತ ಬ್ಯಾಗ್ ಜಿಪ್ ಎಳೀತಿದ್ದ. ರಿಪೋರ್ಟ್ ವಾಟ್ಸಾಪ್ ಮಾಡ್ತೀನಿ ಅಂದ. ಇವತ್ತಿಗೂ ಬಂದಿಲ್ಲ.

ಆಮೇಲೆ ಒಂದು ಮದುವೆ ಆಲ್ಬಂ ಪ್ರಿಂಟ್‌ಗೆ ಕಳ್ಸಿದೆ. ಧಾರೆ ಫೋಟೋ ಎಲ್ಲಾ ಕಪ್ಪು, ಮೆರೂನ್ ರೇಷ್ಮೆ ಸೀರೆ ಮಡಿಕೆಗಳೇ ಕಾಣ್ತಿಲ್ಲ. ಹುಡುಗಿ ತಾಯಿ ಎಲ್ಲರ ಮುಂದೆ "ನನ್ ಮಗಳು ಇಷ್ಟು ಕಪ್ಪಾ?" ಅಂದ್ರು, ತಲೆ ಎತ್ತೋಕಾಗ್ಲಿಲ್ಲ ಕಣ್ರೀ. ಲ್ಯಾಬ್‌ನೋರು ಫೈಲೇ ಡಾರ್ಕ್ ಇದೆ ಅಂದ್ರು. ಇರಲ್ವಾ ಮತ್ತೆ, ಪ್ರಿಂಟ್ ಕೆಲಸಕ್ಕೆ 100-120 ಕ್ಯಾಂಡೆಲಾ (ಸ್ಕ್ರೀನ್ ಬೆಳಕಿನ ಅಳತೆ, ಚದರ ಮೀಟರ್‌ಗೆ) ಸುತ್ತಮುತ್ತ ಇಡ್ಬೇಕಾದ ಬೆಳಕನ್ನ ಈ ಮಹಾನುಭಾವ ಫುಲ್ ಬ್ರೈಟ್‌ನೆಸ್‌ನಲ್ಲೇ ಬಿಟ್ಟು ಮುಟ್ಬೇಡಿ ಅಂದಿದ್ದ! ಸ್ಕ್ರೀನ್ ಅಷ್ಟು ಬೆಳಗ್ತಿದ್ರೆ ಫೋಟೋ ಬ್ರೈಟಾಗೇ ಇದೆ ಅಂದ್ಕೊಂಡು ಡಾರ್ಕ್ ಆಗೇ ಎಡಿಟ್ ಮಾಡ್ಬಿಡ್ತೀವಿ.

ಅನುಮಾನ ಬಂದು ವಿಂಡೋಸ್‌ನ ಕಲರ್ ಮ್ಯಾನೇಜ್‌ಮೆಂಟ್ ಓಪನ್ ಮಾಡ್ದೆ. ಅಲ್ಲಿ ಕೂತಿದ್ದ ಐಸಿಸಿ ಪ್ರೊಫೈಲ್ (ಒಂದು ಮಾನಿಟರ್ ಬಣ್ಣ ಹೇಗೆ ತೋರಿಸುತ್ತೆ ಅನ್ನೋ ಫೈಲ್) ಹೆಸರು ನೋಡಿ ತಲೆ ಗಿರ್ ಅಂತು. ಬೇರೆ ಕಂಪನಿ, 24 ಇಂಚಿನ ಮಾಡೆಲ್. ನಂದು 27. ಪ್ರೊಫೈಲ್ ಮಾಡಿದ್ದು 2019ರಲ್ಲಿ, ನಾನು ಮಾನಿಟರ್ ತಗೊಂಡಿದ್ದೇ ಹೋದ ವರ್ಷ. ಮಗು ಹುಟ್ಟೋಕೆ ಮುಂಚೆನೇ ಜಾತಕ ಬರೆದಿಟ್ಟಂಗೆ! ಯಾರದೋ ಪ್ರೊಫೈಲ್ ಕಾಪಿ ಮಾಡಿ ಹಾಕಿದ್ದಾನೆ, ಆ ಡಿವೈಸ್ ಬರೀ ಶೋಕಿಗೆ.

ಫೋನ್ ಮಾಡಿದ್ರೆ "ಅದು ಮಾಸ್ಟರ್ ಪ್ರೊಫೈಲ್ ಸರ್, ಎಲ್ಲಾದಕ್ಕೂ ಸೂಟ್ ಆಗುತ್ತೆ" ಅಂತಾನೆ. ಒಂದೇ ಮಾಡೆಲ್‌ನ ಎರಡು ಮಾನಿಟರೇ ಒಂದೇ ತರ ಇರಲ್ಲ, ಮಾಸ್ಟರ್ ಅಂತೆ ಮಾಸ್ಟರ್! ಜೋರು ಮಾಡಿದ್ರೆ "ನಿಮ್ ಕಣ್ಣು ಇನ್ನೂ ಅಡ್ಜಸ್ಟ್ ಆಗಿಲ್ಲ", ಆಮೇಲೆ "ನಿಮ್ ಲ್ಯಾಬ್ ಸರಿ ಇಲ್ಲ, ನಂಗೆ ಗೊತ್ತಿರೋ ಲ್ಯಾಬ್ ಇದೆ, ಹೇಳ್ಲಾ?". ದುಡ್ಡು ವಾಪಸ್ ಕೇಳಿದ್ದಕ್ಕೆ "ವಿಸಿಟಿಂಗ್ ಚಾರ್ಜ್‌ಗೇ ಸರಿಹೋಯ್ತು ಸರ್" ಅಂತೆ. ಅಲ್ಲಿಂದ ಫೋನೇ ಎತ್ತಲ್ಲ, ರೀಪ್ರಿಂಟ್ ದುಡ್ಡು ನನ್ ಕೈಯಿಂದ.

ಯಾರನ್ನಾದ್ರೂ ಕರೆಸಿದ್ರೆ ಪಕ್ಕದಲ್ಲೇ ಕೂತ್ಕೊಳ್ಳಿ, ಕಾಫಿ ಗೀಫಿ ಆಮೇಲೆ. 6500 ಕೆಲ್ವಿನ್ (ಬಿಳಿ ಬಣ್ಣದ ಛಾಯೆ), ಗಾಮಾ 2.2 (ನಡುವಿನ ಬೆಳಕು-ನೆರಳಿನ ಹದ) ಇಟ್ಟಿದ್ದಾನಾ, ಎಷ್ಟು ಕ್ಯಾಂಡೆಲಾಗೆ ಸೆಟ್ ಮಾಡ್ದ ಕೇಳಿ, ಕೊನೆಗೆ ಡೆಲ್ಟಾ ಇ (ಬಣ್ಣ ಎಷ್ಟು ತಪ್ಪಿದೆ ಅನ್ನೋ ಲೆಕ್ಕ) ರಿಪೋರ್ಟ್ ಕೈಗೆ ಬರೋ ತನಕ ಫೋನ್‌ಪೇ ಓಪನ್ನೇ ಮಾಡ್ಬೇಡಿ. ಕ್ಯಾಲಿಬ್ರೇಷನ್ ನಾವೇ ಮಾಡ್ಕೊಳ್ಳೋಕೆ ಡಿಸ್‌ಪ್ಲೇಕ್ಯಾಲ್ ಸಾಫ್ಟ್‌ವೇರ್ ಫ್ರೀನೇ ಸಿಗುತ್ತೆ, ಫ್ರೆಂಡ್ಸ್ ಸೇರ್ಕೊಂಡು ಒಂದು ಕಲರಿಮೀಟರ್ ತಗೊಂಡ್ರೆ ಇಂಥವರ ಸಹವಾಸವೇ ಬೇಡ.