ಸ್ಕ್ಯಾಗ್ವೇ ಕಾಣದೆ ಮರಳಿದ ಅಲಾಸ್ಕಾ ಯಾತ್ರೆ: ಒಂದು ಕ್ರೂಸ್ ವಿಮರ್ಶೆ

2024ರ ಸೆಪ್ಟೆಂಬರಿನಲ್ಲಿ, ಹುಬ್ಬಳ್ಳಿಯಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು, ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಏಳು ದಿನಗಳ ಅಲಾಸ್ಕಾ ಕ್ರೂಸಿಗೆ ಹೋಗಿದ್ದೆವು. ಟಿಕೆಟ್ ಕೊಂಡಾಗ ಕೈಗೆ ಬಂದ ವೇಳಾಪಟ್ಟಿಯಲ್ಲಿ ಜೂನೋ, ಸ್ಕ್ಯಾಗ್ವೇ, ಟ್ರೇಸಿ ಆರ್ಮ್ ಎಂಬ ಹಿಮನದಿಯ ಕಡಲ ಕಣಿವೆ, ಕೆಚಿಕ್ಯಾನ್ ಮತ್ತು ಕೆನಡಾದ ವಿಕ್ಟೋರಿಯಾ ಇದ್ದವು. ಈ ಐದರಲ್ಲಿ ಹೇಳಿದ ಹೊತ್ತಿಗೆ ನಾವು ತಲುಪಿದ್ದು ಕೆಚಿಕ್ಯಾನ್ ಒಂದನ್ನೇ. ಹಡಗಿನ ಊಟ, ಕೋಣೆ, ಮನರಂಜನೆಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ; ಮಾರ್ಗ ಬದಲಾದಾಗ ಪ್ರಯಾಣಿಕನ ದಿನ, ಹಣ ಮತ್ತು ಮನಸ್ಸಿನ ಮೇಲೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ಈ ವಿಮರ್ಶೆಯನ್ನು ಮೀಸಲಿಡುತ್ತೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ, ಏಕೆಂದರೆ ಟಿಕೆಟ್ಟಿನ ಹಿಂದಿನ ಷರತ್ತುಗಳು ಈ ವಿಷಯದಲ್ಲಿ ಎಲ್ಲ ದೊಡ್ಡ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ.

ಮೊದಲ ಪೆಟ್ಟು ಬಿದ್ದದ್ದು ಎರಡನೆಯ ದಿನ. ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕಿರುವ ತೆರೆದ ಸಾಗರದಲ್ಲಿ ಎದುರುಗಾಳಿ ಬೀಸಿ ಹಡಗಿನ ವೇಗ ತಗ್ಗಿತು. ಮರುದಿನ ಮಧ್ಯಾಹ್ನದೊಳಗೆ ತಲುಪಬೇಕಿದ್ದ ಜೂನೋವನ್ನು ಸಂಜೆ ಆರಕ್ಕೆ ತಲುಪುತ್ತೇವೆಂದು ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ತಿಳಿಸಿದರು. ಕಾರಣವನ್ನು ಬಿಡಿಸಿ ಹೇಳಿದ ಅವರ ರೀತಿ ಮೆಚ್ಚುವಂತಿತ್ತು. ಆದರೆ ಅದೇ ಕಂಪನಿಯ ಆ್ಯಪ್ ಮರುದಿನ ಬೆಳಗಿನವರೆಗೂ ಹಳೆಯ ಸಮಯವನ್ನೇ ತೋರಿಸುತ್ತಿತ್ತು. ಧ್ವನಿವರ್ಧಕ ಸರಿಯಾಗಿ ಕೇಳಿಸದ ಅಮ್ಮನಂಥವರು ಆ್ಯಪನ್ನೇ ನಂಬಿದ್ದರಿಂದ, ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಸಿದ್ಧರಾಗಿ ಕುಳಿತವರು ನಮ್ಮ ಸಾಲಿನ ಕ್ಯಾಬಿನ್‌ಗಳಲ್ಲೇ ಮೂರ್ನಾಲ್ಕು ಮಂದಿ ಇದ್ದರು.

ಜೂನೋದಲ್ಲಿ ತಿಮಿಂಗಿಲ ನೋಡಲು ಅಲ್ಲಿನ ಒಂದು ಸಣ್ಣ ದೋಣಿ ಸಂಸ್ಥೆಯಲ್ಲಿ, ಹಡಗಿನವರ ದರಕ್ಕಿಂತ ಅಗ್ಗವೆಂದು, ನಾನೇ ನೇರವಾಗಿ ಮಧ್ಯಾಹ್ನ ಎರಡು ಗಂಟೆಗೆ ಕಾಯ್ದಿರಿಸಿದ್ದೆ. ‘ಹಡಗು ಬಂದರಿಗೆ ಬಾರದಿದ್ದರೆ ಪೂರ್ತಿ ಹಣ ವಾಪಸು’ ಎಂಬ ಅವರ ಮಾತನ್ನು ಓದಿ ನೆಮ್ಮದಿಯಾಗಿದ್ದೆ. ಈಗ ಹಡಗು ಬಂದದ್ದೇನೋ ಬಂತು, ದೋಣಿ ಹೊರಡುವ ಹೊತ್ತಿಗಿಂತ ನಾಲ್ಕು ಗಂಟೆ ತಡವಾಗಿ ಬಂತು. ಅಂದರೆ ಷರತ್ತಿನ ಪ್ರಕಾರ ಅದು ‘ಬಾರದಿದ್ದ’ ಹಡಗಲ್ಲ. ಮೂರು ವಾರ ಪತ್ರ ವ್ಯವಹಾರ ನಡೆಸಿದ ಮೇಲೆ ಅರ್ಧ ಹಣ ಮರಳಿತು. ಅವರನ್ನು ದೂರಲಾರೆ, ಅವರ ದೋಣಿ ಖಾಲಿ ಸೀಟುಗಳೊಡನೆ ಹೋಗಿತ್ತು. ಅದೇ ಪ್ರವಾಸವನ್ನು ಹಡಗಿನ ಮೂಲಕ ಕೊಂಡವರಿಗೆ ಮಾತ್ರ, ಕೇಳುವ ಮೊದಲೇ, ಪೂರ್ತಿ ಮೊತ್ತ ಹಡಗಿನ ಖಾತೆಗೆ ಜಮೆಯಾಗಿತ್ತು. ಉಳಿಸಲು ಹೊರಟ ನೂರು ಡಾಲರ್‌ಗೆ ನಾನು ತೆತ್ತದ್ದು ಅದರ ದುಪ್ಪಟ್ಟು.

ಎರಡನೆಯ ಪೆಟ್ಟು ನಿಜವಾಗಿ ನೋಯಿಸಿತು. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರನ್ನು ಈ ಯಾತ್ರೆಗೆ ಒಪ್ಪಿಸಿದ್ದು ಹಿಮವೂ ಅಲ್ಲ, ತಿಮಿಂಗಿಲವೂ ಅಲ್ಲ. ಸ್ಕ್ಯಾಗ್ವೇಯಿಂದ ಹೊರಡುವ ವೈಟ್ ಪಾಸ್ ರೈಲು. ಕ್ಲಾಂಡೈಕ್ ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರ ನಡುವೆ ಹಾಕಿದ ಈ ಹಳಿಗಳ ಅಗಲ ಮೂರು ಅಡಿ, ಅಂದರೆ ನಮ್ಮ ಮೀಟರ್ ಗೇಜಿಗಿಂತ ತುಸು ಕಿರಿದು. ಕಡಲ ದಂಡೆಯಿಂದ ಸುಮಾರು 32 ಕಿಲೋಮೀಟರ್ ದೂರದಲ್ಲಿ 870 ಮೀಟರ್ ಎತ್ತರಕ್ಕೆ ಏರುವ ಆ ದಾರಿಯನ್ನು ಸಕಲೇಶಪುರ ಘಟ್ಟದ ಹಳೆಯ ಮೀಟರ್ ಗೇಜ್ ದಾರಿಯೊಡನೆ ಹೋಲಿಸಿ ನೋಡಬೇಕೆಂದು ಅವರು ತಿಂಗಳುಗಟ್ಟಲೆ ಕಾದಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಆರೂವರೆಗೆ ಕ್ಯಾಪ್ಟನ್ ಮತ್ತೆ ಮಾತನಾಡಿ, ಗಾಳಿಯ ವೇಗ ಮಿತಿ ಮೀರಿರುವುದರಿಂದ ಸ್ಕ್ಯಾಗ್ವೇಗೆ ಹೋಗುವುದಿಲ್ಲವೆಂದು ಹೇಳಿದರು. ಅಪ್ಪ ಏನೂ ಅನ್ನಲಿಲ್ಲ. ಹೊರಡಲು ಹಾಕಿಕೊಂಡಿದ್ದ ಬೂಟನ್ನು ಬಿಚ್ಚಿಟ್ಟರು.

ಈ ನಿರ್ಧಾರ ತಪ್ಪೆಂದು ನಾನು ಹೇಳುವುದಿಲ್ಲ. ಸ್ಕ್ಯಾಗ್ವೇ ಇರುವುದು ಲಿನ್ ಕೆನಾಲ್ ಎಂಬ ಉದ್ದನೆಯ, ಎರಡೂ ಬದಿ ಬೆಟ್ಟಗಳಿರುವ ಕಡಲ ತೋಳಿನ ತುದಿಯಲ್ಲಿ. ಗಾಳಿ ಅಲ್ಲಿ ಕೊಳವೆಯೊಳಗೆ ನುಗ್ಗಿದಂತೆ ನುಗ್ಗುತ್ತದೆ. ಊರಿನ ಹೆಸರೇ ಗಾಳಿಯಿಂದ ಒರಟಾದ ನೀರನ್ನು ಸೂಚಿಸುವ, ಅಲ್ಲಿನ ಮೂಲನಿವಾಸಿಗಳ ಟ್ಲಿಂಗಿಟ್ ಭಾಷೆಯ ಮಾತಿನಿಂದ ಬಂದದ್ದು. ಸಾಲದ್ದಕ್ಕೆ 2022ರಲ್ಲಿ ಅಲ್ಲಿನ ಒಂದು ಹಡಗುಕಟ್ಟೆಯ ಮೇಲಿನ ಬೆಟ್ಟದಿಂದ ಬಂಡೆಗಳು ಉರುಳಿದ ಮೇಲೆ, ಕೆಲವು ಹಡಗುಗಳು ದೂರದಲ್ಲಿ ನಿಂತು ಸಣ್ಣ ಟೆಂಡರ್ ದೋಣಿಗಳಲ್ಲಿ ಜನರನ್ನು ದಡ ಮುಟ್ಟಿಸಬೇಕಾಯಿತು. ಗಾಳಿಯಲ್ಲಿ ಆ ಕೆಲಸ ಇನ್ನೂ ಅಪಾಯದ್ದು. ‘ಇಂದಲ್ಲದಿದ್ದರೆ ನಾಳೆ ಹೋಗಬಹುದಲ್ಲ’ ಎಂದು ಅಮ್ಮ ಕೇಳಿದರು. ಹಾಗೆ ಆಗುವುದಿಲ್ಲ. ಅಲಾಸ್ಕಾದ ಬಂದರುಗಳಲ್ಲಿ ಹಡಗು ನಿಲ್ಲುವ ಜಾಗವನ್ನು ಬಹಳ ಮೊದಲೇ ಹಂಚಿರುತ್ತಾರೆ. ಜೂನೋ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳೆಂಬ ಮಿತಿಯನ್ನು ಪಾಲಿಸುತ್ತಿದೆ, ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡು ಕ್ರೂಸ್ ಹಡಗುಗಳಿಗಷ್ಟೇ ಅವಕಾಶ. ತಪ್ಪಿದ ದಿನ ತಪ್ಪಿದಂತೆಯೇ.

ನನ್ನ ತಕರಾರು ಇರುವುದು ಅದರ ನಂತರದ ಹನ್ನೆರಡು ಗಂಟೆಗಳ ಬಗ್ಗೆ. ದಡಕ್ಕೆ ಇಳಿಯಬೇಕಿದ್ದ ಮೂರು ಸಾವಿರದಷ್ಟು ಜನ ಒಮ್ಮೆಲೇ ಹಡಗಿನಲ್ಲೇ ಉಳಿದಾಗ ಬಫೆಯಲ್ಲಿ ಕೂರಲು ಜಾಗವಿರಲಿಲ್ಲ, ವಿಚಾರಣೆಯ ಕೌಂಟರಿನಲ್ಲಿ ಒಂದೂವರೆ ಗಂಟೆಯ ಸಾಲಿತ್ತು. ಕಂಪನಿಯ ಉತ್ತರವೆಂದರೆ ಎರಡು ಹೆಚ್ಚುವರಿ ಬಿಂಗೊ ಆಟ ಮತ್ತು ಒಂದು ಚಿತ್ರಕಲೆಯ ಹರಾಜು. ಆ ಕಣಿವೆಯ ಭೂಗೋಳದ ಬಗ್ಗೆ, ನಾವು ನೋಡಲಾಗದ ಆ ರೈಲಿನ ಬಗ್ಗೆ ಒಂದು ಗಂಟೆಯ ಉಪನ್ಯಾಸವಿಟ್ಟಿದ್ದರೂ ಅಪ್ಪನಂಥವರು ಕೃತಜ್ಞರಾಗಿರುತ್ತಿದ್ದರು. ಊಟದ ಮನೆಯಲ್ಲಿ ನಮಗೆ ಬಡಿಸುತ್ತಿದ್ದ ಮಂಗಳೂರು ಕಡೆಯ ಹುಡುಗ ಹೇಳಿದ ಮಾತೊಂದು ನೆನಪಿನಲ್ಲಿದೆ: ‘ನಿಮಗೆ ಒಂದು ದಿನ ಹೋಯಿತು ಸರ್, ಆ ಊರಿನವರಿಗೆ ಒಂದು ದಿನದ ವ್ಯಾಪಾರವೇ ಹೋಯಿತು.’ ವರ್ಷವಿಡೀ ನೆಲೆಸಿರುವವರು ಸುಮಾರು 1,200 ಜನರಷ್ಟೇ ಇರುವ ಊರದು.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ರೈಲಿನ ಟಿಕೆಟನ್ನು ಹಡಗಿನ ಮೂಲಕವೇ ಕೊಂಡಿದ್ದರಿಂದ ಅದು ಪೂರ್ತಿ ಮರಳಿತು. ಸ್ಕ್ಯಾಗ್ವೇ ತಪ್ಪಿದ್ದಕ್ಕೆ ಬೇರೆಯಾಗಿ ಬಂದದ್ದು ಬಂದರು ಶುಲ್ಕ ಮಾತ್ರ, ತಲೆಗೆ ಇಪ್ಪತ್ತು ಡಾಲರಿಗಿಂತ ಕಡಿಮೆ. ಯಾವ ಬಂದರನ್ನಾದರೂ, ಯಾವ ಕಾರಣಕ್ಕಾದರೂ, ಪರಿಹಾರವಿಲ್ಲದೆ ಬಿಡುವ ಹಕ್ಕನ್ನು ಕಂಪನಿ ಪ್ರಯಾಣದ ಒಪ್ಪಂದದಲ್ಲಿ ತನಗೇ ಇಟ್ಟುಕೊಂಡಿರುತ್ತದೆ. ಕ್ರೂಸ್ ಕಂಪನಿಗಳ ಅಂತರರಾಷ್ಟ್ರೀಯ ಸಂಘ 2013ರಲ್ಲಿ ಪ್ರಯಾಣಿಕರ ಹಕ್ಕುಗಳ ಪಟ್ಟಿಯೊಂದನ್ನು ಒಪ್ಪಿಕೊಂಡಿತಾದರೂ, ಅದರಲ್ಲಿ ಹಣ ಮರಳಿಸುವ ಮಾತಿರುವುದು ಯಂತ್ರ ಕೆಟ್ಟು ಯಾತ್ರೆಯೇ ರದ್ದಾದರೆ ಅಥವಾ ನಡುವೆ ಮುಗಿದರೆ. ಗಾಳಿಗೆ ಸಿಕ್ಕ ಒಂದು ಬಂದರು ಆ ಲೆಕ್ಕಕ್ಕೆ ಬರುವುದಿಲ್ಲ. ಬಂದರು ತಪ್ಪಿದರೆ ಇಂತಿಷ್ಟು ಎಂದು ಕೊಡುವ ಪ್ರಯಾಣ ವಿಮೆಗಳು ಕೆಲವು ಇವೆ. ನಾನು ಕೊಂಡದ್ದರಲ್ಲಿ ಆ ಸಾಲು ಇರಲಿಲ್ಲ, ಓದದೆ ಸಹಿ ಹಾಕಿದ್ದು ನನ್ನದೇ ತಪ್ಪು.

ಎಲ್ಲ ಬದಲಾವಣೆಯೂ ನಷ್ಟವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಐದನೆಯ ದಿನ ಟ್ರೇಸಿ ಆರ್ಮ್‌ನ ಬಾಯಲ್ಲಿ ತೇಲುವ ಮಂಜುಗಡ್ಡೆ ತುಂಬಿದ್ದರಿಂದ ಹಡಗು ಪಕ್ಕದ ಎಂಡಿಕಾಟ್ ಆರ್ಮ್‌ಗೆ ತಿರುಗಿತು. ಅಲ್ಲಿನ ಡಾಸ್ ಹಿಮನದಿಯ ಮುಂದೆ ಹಡಗು ಒಂದು ಗಂಟೆ ಮೆಲ್ಲಗೆ ಸುತ್ತು ತಿರುಗಿ ನಿಂತಾಗ, ನೀಲಿ ಗೋಡೆಯಿಂದ ಮನೆಯಷ್ಟು ದೊಡ್ಡ ತುಂಡೊಂದು ಕಳಚಿ ಬಿದ್ದು, ಅದರ ಸದ್ದು ಬಿದ್ದ ಮೇಲೆ ಬಂದು ಮುಟ್ಟಿತು. ಅಮ್ಮ ಕೈ ಮುಗಿದರು. ಮರುವರ್ಷ, 2025ರ ಆಗಸ್ಟ್ 10ರಂದು, ಅದೇ ಟ್ರೇಸಿ ಆರ್ಮ್‌ನಲ್ಲಿ ಬೆಟ್ಟ ಕುಸಿದು ಸುನಾಮಿ ಎದ್ದ ಸುದ್ದಿ ಓದಿದಾಗ, ಇಲ್ಲಿನ ವೇಳಾಪಟ್ಟಿಯನ್ನು ಬರೆಯುವವರು ಕೇವಲ ಕಂಪನಿಯವರಲ್ಲ ಎಂದು ಅಪ್ಪ ಫೋನಿನಲ್ಲಿ ಹೇಳಿದರು.

ವಿಕ್ಟೋರಿಯಾದ ಬಗ್ಗೆ ಒಂದು ಎಚ್ಚರಿಕೆ, ಮುಖ್ಯವಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ. ವಿದೇಶಿ ಧ್ವಜದ ಹಡಗು ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಮರಳುವಾಗ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಬೇಕೆಂಬುದು 1886ರ ಕಾನೂನಿನ ಫಲ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ವಿಕ್ಟೋರಿಯಾಕ್ಕೆ ಹೋಗುವುದು ಬಹುಮಟ್ಟಿಗೆ ಅದಕ್ಕಾಗಿ. ಅಪ್ಪ ಅಮ್ಮನ ಕೆನಡಾ ವೀಸಾಕ್ಕೆ, ಬೆರಳಚ್ಚಿನ ಶುಲ್ಕವೂ ಸೇರಿ, ತಲಾ 185 ಕೆನಡಾ ಡಾಲರ್ ಕಟ್ಟಿದ್ದೆವು. ಹಡಗು ತಡವಾಗಿ ರಾತ್ರಿ ಒಂಬತ್ತೂವರೆಗೆ ಅಲ್ಲಿ ತಲುಪಿತು. ನಾವು ದೀಪ ಹೊತ್ತಿಸಿದ ಶಾಸನಸಭೆಯ ಕಟ್ಟಡವನ್ನು ದೂರದಿಂದ ನೋಡಿ, ಒಂದು ಕಪ್ ಚಹಾ ಕುಡಿದು ಮರಳಿದೆವು. ನನ್ನ ಜೀವನದ ಅತ್ಯಂತ ದುಬಾರಿ ಚಹಾ ಅದು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕ್ಯಾಪ್ಟನ್ನರ ಪ್ರಾಮಾಣಿಕ ಮಾತಿಗೆ, ಎಂಡಿಕಾಟ್ ಆರ್ಮ್‌ನ ಆ ಒಂದು ಗಂಟೆಗೆ ಮತ್ತು ಕೇಳದೆಯೇ ಮರಳಿದ ರೈಲಿನ ಹಣಕ್ಕೆ ಆ ಮೂರು. ಸುಳ್ಳು ಹೇಳಿದ ಆ್ಯಪಿಗೂ ಬಿಂಗೊ ಆಟಕ್ಕೂ ಒಂದೊಂದು ಕಳೆದಿದ್ದೇನೆ. ಮುಂದಿನ ಬೇಸಿಗೆಯಲ್ಲಿ ಅಪ್ಪನನ್ನು ಮತ್ತೆ ಕರೆದೊಯ್ಯುವ ಯೋಚನೆಯಿದೆ, ಈ ಸಲ ಹಡಗಿನಲ್ಲಲ್ಲ. ಜೂನೋವರೆಗೆ ವಿಮಾನ, ಅಲ್ಲಿಂದ ಫೆರ್ರಿ, ಸ್ಕ್ಯಾಗ್ವೇಯಲ್ಲಿ ಮೂರು ರಾತ್ರಿ.