ಬಾಣಂತನದ ತೂಕ, ಬಳ್ಳಾರಿಯ ಬಿಸಿಲು ಮತ್ತು ಒಂದು ಜಿಮ್: ವರ್ಷದ ಬಳಕೆಯ ನಂತರ

ಈ ಜಿಮ್‌ನ ಟ್ರೆಡ್‌ಮಿಲ್‌ಗಳು ಹಳೆಯವು, ಮಹಡಿಗೆ ತಗಡಿನ ಮಾಡು, ಹಾಡುಗಳ ಅಬ್ಬರವಂತೂ ಕಿವಿ ಕಿತ್ತು ಹೋಗುವಷ್ಟು. ಆದರೂ ವರ್ಷ ತುಂಬಿದ ಮೇಲೆ ಮತ್ತೆ ಹಣ ಕಟ್ಟಿದ್ದೇನೆ. ಹೆತ್ತು ಕೆಲವೇ ತಿಂಗಳಾದವಳಿಂದ ಏನನ್ನು ಮಾಡಿಸಬಾರದು ಎಂಬುದು ಇಲ್ಲಿನ ಮಹಿಳಾ ಟ್ರೈನರ್‌ಗೆ ಗೊತ್ತಿದೆ. ಬಳ್ಳಾರಿಯಲ್ಲಿ ನಾನು ಜಿಮ್ ಹುಡುಕುತ್ತಿದ್ದಾಗ ಎಲ್ಲಕ್ಕಿಂತ ಕಷ್ಟಪಟ್ಟು ಸಿಕ್ಕಿದ್ದು ಅದೊಂದೇ. ದೂರುಗಳೂ ಇರುವುದರಿಂದ ಜಿಮ್‌ನ ಹೆಸರು ಹೇಳುವುದಿಲ್ಲ. ಗಾಂಧಿನಗರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಎಂದರೆ ಸಾಕು.

ಇಲ್ಲಿಗೆ ಬರುವ ಮೊದಲು ನೋಡಿದ ಒಂದು ಜಿಮ್ ಹೊಳೆಯುತ್ತಿತ್ತು. ಗೋಡೆಯುದ್ದಕ್ಕೂ ಕನ್ನಡಿ, ಎ.ಸಿ., ಬಾಗಿಲಲ್ಲೇ ಪ್ರೋಟೀನ್ ಡಬ್ಬಿಗಳ ಗೋಪುರ. ಮೇಜಿನ ಹಿಂದಿದ್ದಾತ ನನ್ನ ತೂಕ ಕೇಳಿ, "ಮೂರು ತಿಂಗಳಲ್ಲಿ 15 ಕೆ.ಜಿ. ಇಳಿಸಿಕೊಡುತ್ತೇವೆ ಮೇಡಂ, ಗ್ಯಾರಂಟಿ" ಎಂದ. ಹೆರಿಗೆಯಾಗಿ ಎಷ್ಟು ದಿನವಾಯಿತು ಎಂದು ಕೇಳಲೇ ಇಲ್ಲ. ಇನ್ನೊಂದು ಕಡೆ ಉಚಿತ ಪ್ರಯೋಗದ ದಿನವೇ ಚಾಪೆಯ ಮೇಲೆ ಮಲಗಿಸಿ ಕ್ರಂಚಸ್ (ತಲೆ, ಭುಜ ಎತ್ತಿ ಹೊಟ್ಟೆ ಬಿಗಿಯುವ ವ್ಯಾಯಾಮ) ಶುರು ಮಾಡಿಸಿದರು. ಹೊಟ್ಟೆ ಕರಗಬೇಕಾದರೆ ಹೊಟ್ಟೆಯನ್ನೇ ಹಿಂಡಬೇಕು ಎಂಬ ನಂಬಿಕೆ ನಮ್ಮ ಜಿಮ್‌ಗಳನ್ನು ಇನ್ನೂ ಬಿಟ್ಟಿಲ್ಲ.

ಇಲ್ಲಿನ ಟ್ರೈನರ್ ಮೊದಲು ಪಕ್ಕಕ್ಕೆ ಕರೆದು ಕೂರಿಸಿದರು. "ಅಕ್ಕ, ಸಿಸೇರಿಯನ್ ಆಗಿತ್ತೇ? ಮಗುವಿಗೆ ಹಾಲು ಕುಡಿಸುತ್ತಿದ್ದೀರಾ? ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದೆಯೇ?" ಕೊನೆಯ ಪ್ರಶ್ನೆಯನ್ನು ನನ್ನ ತಾಯಿಯೂ ಕೇಳಿರಲಿಲ್ಲ. ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಬಸಿರಿನಲ್ಲಿ ಸೋತಿರುತ್ತವೆ. ಅವು ಚೇತರಿಸಿಕೊಳ್ಳುವ ಮೊದಲೇ ಜಿಗಿತ, ಓಟ ಶುರು ಮಾಡಿದರೆ ಸೋರಿಕೆ ಹೆಚ್ಚುತ್ತದೆ. ಇದು ಅನೇಕರಿಗೆ ಇರುವ ತೊಂದರೆ, ಆದರೆ ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ನನ್ನದು ಸಿಸೇರಿಯನ್ ಆದ್ದರಿಂದ ವೈದ್ಯರ ಚೀಟಿ ತಂದ ಮೇಲೆಯೇ ಸೇರಿಸಿಕೊಳ್ಳುವುದಾಗಿ ಹೇಳಿ ಕಳುಹಿಸಿದರು. ಬಂದ ಗಿರಾಕಿಯನ್ನು ಹೀಗೆ ವಾಪಸು ಕಳುಹಿಸಿದ ಜಿಮ್ ಇದೊಂದೇ.

ಚೀಟಿ ತಂದ ದಿನ ಇನ್ನೊಂದು ಪರೀಕ್ಷೆ ಮಾಡಿದರು. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯನ್ನು ಮಾತ್ರ ತುಸು ಎತ್ತಬೇಕು. ಆಗ ಹೊಕ್ಕುಳಿನ ಮೇಲೆ ಕೆಳಗೆ ಬೆರಳುಗಳನ್ನು ಅಡ್ಡಲಾಗಿ ಇಟ್ಟು ಒತ್ತಿದರೆ, ನಡುವಿನ ಸ್ನಾಯುಗಳು ಎಷ್ಟು ಅಗಲವಾಗಿ ಬಿಟ್ಟುಕೊಂಡಿವೆ ಎಂಬುದು ತಿಳಿಯುತ್ತದೆ. ಎರಡು ಬೆರಳಿಗಿಂತ ಹೆಚ್ಚು ಸಂದು ಇದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗುವುದು ಒಳ್ಳೆಯದು. ಡಯಾಸ್ಟಾಸಿಸ್ ರೆಕ್ಟೈ ಎನ್ನುವುದು ಇದಕ್ಕೇ. ತೂಕ ಇಳಿದರೂ ಕೆಲವರ ಹೊಟ್ಟೆ ಮುಂದಕ್ಕೇ ಇರುವುದಕ್ಕೆ ಕೊಬ್ಬಿಗಿಂತ ಈ ಸಂದು ಕಾರಣವಾಗಿರಬಹುದು. ನನಗೆ ಮೊದಲ ವಾರಗಳಲ್ಲಿ ಮಾಡಿಸಿದ್ದು ಉಸಿರಾಟದೊಂದಿಗೆ ಕಿಬ್ಬೊಟ್ಟೆ ಒಳಗೆಳೆಯುವುದು, ನಡಿಗೆ, ಕುರ್ಚಿಯ ಮೇಲೆ ಕೂತು ಏಳುವುದು, ಅಷ್ಟೇ. ಪಕ್ಕದಲ್ಲಿ ಕಾಲೇಜು ಹುಡುಗಿಯರು ಹಗ್ಗದಾಟ ಆಡುತ್ತಿದ್ದಾಗ ನನಗೆ ಸಿಟ್ಟೇ ಬರುತ್ತಿತ್ತು. ಡಂಬೆಲ್ ಕೈಗೆ ಬಂದದ್ದು ಬಹಳ ತಡವಾಗಿ.

ಊಟದ ವಿಷಯದಲ್ಲಿ ಮನೆಯಲ್ಲಿ ಜಗಳವೇ ಆಯಿತು. ತವರಿನಿಂದ ಅಂಟಿನುಂಡೆಯ ಡಬ್ಬಿ ಖಾಲಿಯಾಗದಂತೆ ಬರುತ್ತಿತ್ತು, ಅತ್ತೆಯವರು ಅನ್ನಕ್ಕೆ ತುಪ್ಪ ಸುರಿಯುತ್ತಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು, ಆ ನಂತರದ ಆರು ತಿಂಗಳು ಸುಮಾರು 520. ಹಾಗಾಗಿ ಉಪವಾಸ ಬೀಳುವಂತಿಲ್ಲ. ಆದರೆ ಅಷ್ಟು ಹೆಚ್ಚುವರಿ ನಮ್ಮ ಮನೆಯಲ್ಲಿ ಬೆಳಗಿನ ಹೊತ್ತಿಗೇ ಮುಗಿದಿರುತ್ತಿತ್ತು! ಟ್ರೈನರ್ ಚಾರ್ಟ್ ಕೊಡಲಿಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಟ್ಟೆ, ಮೊಸರು ಇರಲಿ, ಉಂಡೆ ಒಂದಕ್ಕೆ ನಿಲ್ಲಲಿ, ಸಂಜೆಯ ಮಿರ್ಚಿ ಮಂಡಕ್ಕಿ ವಾರಕ್ಕೊಮ್ಮೆ ಸಾಕು ಎಂದರು. ಕೌಂಟರ್‌ನಲ್ಲಿದ್ದವರು ಮಾತ್ರ ಕೊಬ್ಬು ಕರಗಿಸುವ ಮಾತ್ರೆ ಮಾರಲು ನೋಡಿದರು. ಹಾಲುಣಿಸುವವರು ಅಂಥವುಗಳ ಹತ್ತಿರವೂ ಸುಳಿಯಬಾರದು. ವ್ಯಾಯಾಮದಿಂದ ಹಾಲು ಬತ್ತುತ್ತದೆ ಎಂಬ ಓಣಿಯ ಹೆಂಗಸರ ಮಾತೂ ಸುಳ್ಳು. ಎದೆ ಭಾರವಾಗದಂತೆ ಮಗುವಿಗೆ ಹಾಲು ಕುಡಿಸಿ ಹೊರಟರೆ ಆಯಿತು.

ಇನ್ನು ಸಮಯ. ಹೆಂಗಸರ ಬ್ಯಾಚ್ ಬೆಳಿಗ್ಗೆ 11ರಿಂದ 1. ಮಳೆಗಾಲ, ಚಳಿಗಾಲಕ್ಕೆ ಇದು ವರ. ಮಗುವನ್ನು ಮಲಗಿಸಿ ಅತ್ತೆಯವರಿಗೆ ಒಪ್ಪಿಸಿ ಹೋಗಿ ಬರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿದಾಗ ಅದೇ ತಗಡಿನ ಮಾಡಿನ ಕೆಳಗೆ ನಿಂತರೆ ಕಾದ ಹಂಚಿನ ಮೇಲಿನ ರೊಟ್ಟಿಯ ಪಾಡು. ಎರಡು ಕೂಲರ್‌ಗಳಿವೆ, ಕರೆಂಟು ಹೋದರೆ ಅವೂ ಇಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ 6ರ ಬ್ಯಾಚ್‌ಗೆ ಬದಲಾಯಿಸಿಕೊಟ್ಟರು. ಅಲ್ಲಿ ಗಂಡಸರೇ ಹೆಚ್ಚು, ನನ್ನ ಟ್ರೈನರ್ ಇರುವುದಿಲ್ಲ, ಒಂದು ಯಂತ್ರಕ್ಕೆ ಹತ್ತು ಜನ. ಜಿಮ್ ನೋಡಲು ಹೋಗುವವರು ಸಂಜೆ ತಂಪಿನಲ್ಲಿ ಹೋಗದೆ, ತಾವು ನಿತ್ಯ ಬರಲಿರುವ ಹೊತ್ತಿಗೇ ಹೋಗಿ ನೋಡಬೇಕು. ಶೌಚಾಲಯದ ಚಿಲಕವನ್ನೂ ನೋಡಬೇಕು. ಇಲ್ಲಿನದು ಇಂದಿಗೂ ಸರಿಯಾಗಿ ಬೀಳುವುದಿಲ್ಲ.

ಹಣದ ಲೆಕ್ಕ: ತಿಂಗಳಿಗೆ 1,500, ಮೂರು ತಿಂಗಳಿಗೆ 4,000, ವರ್ಷಕ್ಕೆ 12,000 ರೂಪಾಯಿ. ಮಗುವಿಗೆ ಜ್ವರ ಬಂದರೆ ದಿನಗಳನ್ನು ಮುಂದಕ್ಕೆ ಹಾಕಿಕೊಡುತ್ತೇವೆ ಎಂದು ಬಾಯಲ್ಲಿ ಹೇಳಿದ್ದನ್ನು ರಸೀದಿಯ ಮೇಲೆ ಬರೆಸಿಕೊಂಡೆ. ಅದರಿಂದಲೇ ಒಂದು ತಿಂಗಳು ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಜಿಮ್‌ಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ. ಅದಾದ ಮೇಲೂ ನನ್ನ ಶುಲ್ಕದಲ್ಲಿ ಒಂದು ರೂಪಾಯಿ ಕಡಿಮೆಯಾಗಿಲ್ಲ. ಬಿಲ್ ಕೇಳಿದರೆ "ನಾಳೆ ಕೊಡುತ್ತೇವೆ ಮೇಡಂ" ಎನ್ನುತ್ತಾರೆ.

ವರ್ಷದಲ್ಲಿ ಇಳಿದದ್ದು 8 ಕೆ.ಜಿ. ಇನ್ನೂ ನಾಲ್ಕೈದು ಬಾಕಿ. ಹೆರಿಗೆಗೆ ಮುಂಚಿನ ಚೂಡಿದಾರಗಳಲ್ಲಿ ಅರ್ಧದಷ್ಟು ಈಗ ಹಿಡಿಸುತ್ತವೆ. ತೂಕಕ್ಕಿಂತ ನನಗೆ ಮುಖ್ಯವಾದದ್ದು ಬೆನ್ನುನೋವು: ಮಗು ಭಾರವಾಗುತ್ತಾ ಹೋದರೂ ನೋವು ಕಡಿಮೆಯಾಗುತ್ತಾ ಬಂದಿದೆ.

ಈ ಸಲ ವರ್ಷಕ್ಕೆ ಕಟ್ಟದೆ ಮೂರು ತಿಂಗಳಿಗೆ ಮಾತ್ರ ಕಟ್ಟಿದ್ದೇನೆ. ಟ್ರೈನರ್‌ಗೆ ಮದುವೆ ನಿಶ್ಚಯವಾಗಿದೆ, ಹೊಸಪೇಟೆಗೆ ಹೋಗುತ್ತಾರಂತೆ. ಅವರ ಜಾಗಕ್ಕೆ ಬರುವವರು ಮೊದಲ ದಿನ ಏನು ಕೇಳುತ್ತಾರೆ ಎಂದು ನೋಡಿ ಉಳಿದ ಹಣ ಕೊಡುತ್ತೇನೆ.